ಮೀನೂ ಕಾಣೆ, ಫುಟ್‌ಪಾತೂ ಕಾಣೆ

ಆ ಫಲಕದ ಫೋಟೋ ನಿಮಗೂ ಬಂದಿರುತ್ತದೆ. ನನಗೆ ಒಂದೇ ಬೆಳಿಗ್ಗೆ ಹನ್ನೊಂದು ಸಲ ಬಂತು. ಹೊನ್ನಾವರದಲ್ಲಿ ಬಸ್ಸಿಳಿದು ಹೊರಗೆ ಬಂದರೆ ಕಣ್ಣಿಗೆ ಹೊಡೆಯುವ ಹಾಗೆ ನಿಂತಿದೆ. ಎರಡು ಕಬ್ಬಿಣದ ಕಂಬ, ನೀಲಿ ಬಣ್ಣ, ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಮೇಲೆ ದಪ್ಪ ಅಕ್ಷರದಲ್ಲಿ 'ಪಾರಂಪರಿಕ ಆಹಾರ ನಡಿಗೆ, ಸೆಲ್ಫ್ ಗೈಡೆಡ್'. ಎಲ್ಲರೂ ನಕ್ಕಿದ್ದು ಒಂದು ಸಾಲಿಗೆ. ಕನ್ನಡದಲ್ಲಿ 'ಕಾಣೆ ಫ್ರೈ' ಅಂತ ಇದೆ, ಕಾಣೆ ಅಂದರೆ ನಮ್ಮ ಕಡಲಿನ ಒಂದು ಮೀನು. ಅದರ ಕೆಳಗೆ ಇಂಗ್ಲಿಷಿನಲ್ಲಿ 'ಮಿಸ್ಸಿಂಗ್ ಫ್ರೈ'.

ನಗಬೇಡಿ ಮಾರಾಯ್ರೆ. ಅಷ್ಟುದ್ದ ಫಲಕದಲ್ಲಿ ಅದೊಂದೇ ನಿಜ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ. ನಮ್ಮ ಫಲಕ ಉದ್ಘಾಟನೆಯಾದದ್ದು ಸರಿಯಾಗಿ ಜೂನ್ ಕೊನೆಯಲ್ಲಿ. ಒಬ್ಬರು ಕೊಡೆ ಹಿಡಿದರು, ಇನ್ನೊಬ್ಬರು ರಿಬ್ಬನ್ ಕತ್ತರಿಸಿದರು. ಆ ವಾರ ಊರಲ್ಲಿ ಇದ್ದದ್ದು ಐಸಿನ ಕಾಣೆ. ಅದರ ದರ ಕೇಳಿದರೆ ಹಸಿವೂ ಕಾಣೆ.

ಮಳೆಗಾಲದಲ್ಲಿ ನಾವು ತಿನ್ನುವುದೇ ಬೇರೆ ಅಲ್ವಾ? ಬೇಸಿಗೆಯಲ್ಲಿ ಒಣಗಿಸಿಟ್ಟ ಬಂಗಡೆಯನ್ನು ಕೆಂಡದ ಮೇಲೆ ಸುಟ್ಟು, ಕುಚ್ಚಲಕ್ಕಿ ಗಂಜಿಯ ಜೊತೆ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ಕೆಸುವಿನೆಲೆಯ ಪತ್ರೊಡೆ. ಸಂಜೆಗೆ ಹಲಸಿನ ಹಪ್ಪಳ, ಒಂದು ಚೂರು ಕಾಯಿ. ಇದೊಂದೂ ಫಲಕದಲ್ಲಿಲ್ಲ. ಕರಿ ಈಶಾಡು ಮಾವು ಇದೆ. ಅದು ಅಂಕೋಲೆಯದು. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದರಿಂದ ಯಾರೋ ಪೇಪರಿನಲ್ಲಿ ಓದಿ ಸೇರಿಸಿರಬೇಕು. ಮಳೆ ಹಿಡಿಯುತ್ತಲೇ ಅದು ಮುಗಿಯುತ್ತದೆ ಎನ್ನುವುದು ಪೇಪರಿನಲ್ಲಿ ಬಂದಿರಲಿಲ್ಲವೋ ಏನೋ. ತೊಡದೇವೂ ಇದೆ! ಶಿರಸಿ, ಸಿದ್ದಾಪುರದ ಕಡೆ ಆಲೆಮನೆ ನಡೆಯುವ ದಿನಗಳಲ್ಲಿ ಕಬ್ಬಿನ ಹಾಲಿಗೆ ಅಕ್ಕಿಹಿಟ್ಟು ಕಲಸಿ, ಕವುಚಿದ ಬಿಸಿ ಮಡಕೆಯ ಮೇಲೆ ಬಟ್ಟೆಯಲ್ಲಿ ತೆಳ್ಳಗೆ ಎಳೆದು ಎಬ್ಬಿಸುವ ತಿಂಡಿ ಅದು. ಕಾಗದವೇ ಅದಕ್ಕಿಂತ ದಪ್ಪ. ಹೊನ್ನಾವರ ಪೇಟೆಯಿಂದ ಅದನ್ನು ಹುಡುಕಿಕೊಂಡು ನಡೆಯುತ್ತಾ ಹೋದರೆ ಮೂರನೇ ದಿನ ಘಟ್ಟ ಹತ್ತಿ ಸಿದ್ದಾಪುರ ಮುಟ್ಟಬಹುದು. ನಡಿಗೆ ಆರೋಗ್ಯಕ್ಕೆ ಒಳ್ಳೆಯದು.

ಟೀಕೆ ಮಾಡುವ ಮೊದಲು ಒಮ್ಮೆ ನಡೆದು ನೋಡೋಣ ಅಂತ ಒಂದು ಭಾನುವಾರ ನಾನೂ ಹೊರಟೆ. ಕೋಡ್ ಸ್ಕ್ಯಾನ್ ಮಾಡಿದೆ. 'ನೀವು ಹುಡುಕುತ್ತಿರುವ ಪುಟ ಸಿಗಲಿಲ್ಲ' ಅಂತ ಬಂತು. ಪುಟವೂ ಕಾಣೆ. ಪುಣ್ಯಕ್ಕೆ ಫಲಕದಲ್ಲೇ ಒಂದು ನಕ್ಷೆ ಬಿಡಿಸಿದ್ದರು. ಎರಡನೇ ನಿಲ್ದಾಣ ಹೆದ್ದಾರಿಯ ಆಚೆ. 66ನೇ ನಂಬರಿನ ಹೆದ್ದಾರಿಯನ್ನು ಕಾಲ್ನಡಿಗೆಯಲ್ಲಿ ದಾಟುವುದೂ ನಡಿಗೆಯ ಒಂದು ಭಾಗವೇ ಇರಬೇಕು. ಕೇರಳದಿಂದ ಗೋವಾಕ್ಕೆ ಹೋಗುವ ಲಾರಿಗಳು ಪಕ್ಕದಲ್ಲೇ ಹಾದು, ಸೊಂಟದ ತನಕ ಕೆಂಪು ನೀರು ಎರಚಿ ಸ್ವಾಗತ ಮಾಡಿದವು. ಫುಟ್‌ಪಾತ್ ಎಲ್ಲಿ ಅಂತ ಕೇಳಬೇಡಿ. ಆ ಮೀನಿನ ಹೆಸರು ಈಗಾಗಲೇ ಹೇಳಿದ್ದೇನೆ.

ಮೂರನೇ ನಿಲ್ದಾಣ 'ಬೆಳಚಿನ ಸುಕ್ಕ'. ಗುರುತು ಬಿದ್ದಿದ್ದು ಶರಾವತಿ ಹೊಳೆಯ ನಟ್ಟನಡುವೆ. ಇದನ್ನು ಮಾತ್ರ ತಪ್ಪು ಅನ್ನಲಾರೆ. ಬೆಳಚು ಅಂದರೆ ಚಿಪ್ಪುಮೀನು, ಅದು ಇರುವುದು ಅಲ್ಲೇ, ಹೊಳೆಯ ಮರಳಿನಲ್ಲಿ. ಇಳಿತ ನೋಡಿ ಇಳಿದು, ಬಗ್ಗಿ, ಕೈಯಿಂದ ಕೆದಕಿ ತೆಗೆಯಬೇಕು. ಸೆಲ್ಫ್ ಗೈಡೆಡ್ ಜೊತೆಗೆ ಸೆಲ್ಫ್ ಸರ್ವಿಸ್.

ನಾಲ್ಕನೇ ನಿಲ್ದಾಣದ ವಿಷಯಕ್ಕೆ ಆಮೇಲೆ ಬರುತ್ತೇನೆ. ಐದರಲ್ಲಿ 'ಸಾವಿರಾರು ವರ್ಷಗಳ ಪರಂಪರೆಯ ಕೆಂಪು ಮೆಣಸಿನ ಮೀನುಸಾರು' ಎಂದು ಬರೆದಿದ್ದಾರೆ. ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅವರು ಬಂದು ಐನೂರು ವರ್ಷವಾಯಿತು. ಉಳಿದ ವರ್ಷಗಳನ್ನು ಮುದ್ರಣದ ಖರ್ಚಿನಲ್ಲಿ ಸೇರಿಸಿಕೊಂಡಿರಬಹುದು.

ನಿಜವಾದ ಪರಂಪರೆ ಬೇಕಿದ್ದರೆ ಇತ್ತು. ಬಿಟ್ಟಿಯಾಗಿಯೇ ಇತ್ತು. ಈ ಊರಿನಲ್ಲಿ ಊಟ ಮಾಡಿ ಅದನ್ನು ಬರೆದಿಟ್ಟ ಪ್ರವಾಸಿ ಒಬ್ಬ ಇದ್ದ. ಮೊರೊಕ್ಕೊದ ಇಬ್ನ್ ಬತೂತ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದವ. ಆಗ ಇಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ ಇದ್ದ. ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಅಂತ ಬರೆದಿದ್ದಾನೆ. ಅದಿರಲಿ, ಊಟ ಕೇಳಿ. ತಾಮ್ರದ ತಟ್ಟೆ ಇಡುತ್ತಾರೆ. ರೇಷ್ಮೆ ಉಟ್ಟ ಹೆಂಗಸು ಬಂದು ಒಂದು ಸೌಟು ಅನ್ನ ಬಡಿಸಿ ಮೇಲೆ ತುಪ್ಪ ಹಾಕುತ್ತಾಳೆ. ಬದಿಗೆ ಗೊಂಚಲು ಕಾಳುಮೆಣಸಿನ ಉಪ್ಪಿನಕಾಯಿ, ಹಸಿಶುಂಠಿ, ಲಿಂಬೆ, ಮಾವು. ಒಂದು ತುತ್ತು ಅನ್ನ, ಒಂದು ಚೂರು ಉಪ್ಪಿನಕಾಯಿ. ಅದು ಮುಗಿದ ಮೇಲೆ ಕೋಳಿ, ಮತ್ತೆ ಅನ್ನ. ಆಮೇಲೆ ತರತರದ ಮೀನು, ಮತ್ತೆ ಅನ್ನ. ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಕಡೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತು ಅಂತ ತಿಳಿಯಬೇಕಂತೆ. ಮೇಲಿಂದ ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಆಗುವುದಿಲ್ಲ ಎಂದು.

ಕೋಳಿ, ಮೀನು ಬಿಟ್ಟರೆ ಇದು ನನ್ನ ಅಜ್ಜಿಯ ಮನೆಯ ಊಟ. ಅದೇ ಸಾಲು, ಅದೇ ಮೊಸರು, ಅದೇ ಬಿಸಿನೀರು, ಥಂಡಿಗೆ ಅದೇ ಹೆದರಿಕೆ. ಏಳುನೂರು ವರ್ಷ ಆಗುತ್ತಾ ಬಂತು, ಎಲೆಯ ಮೇಲೆ ಏನೂ ಬದಲಾಗಿಲ್ಲ. ಪಾಪ, ಬತೂತನಿಗೆ ಮಾತ್ರ ಸಾಕಾಗಿ ಹೋಯಿತು. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಇಲ್ಲಿದ್ದ. ಮುಂದೆ ಮಲಬಾರ್, ಮಾಲ್ಡೀವ್ಸ್, ಸಿಂಹಳ ಸೇರಿ ಮೂರು ವರ್ಷ ಅನ್ನವೇ ಗತಿ. ಕೊನೆಕೊನೆಗೆ ನೀರು ಕುಡಿದುಕೊಂಡು ತುತ್ತು ಇಳಿಸಬೇಕಾಯಿತಂತೆ. ಇಷ್ಟು ಪ್ರಾಮಾಣಿಕ ಫುಡ್ ವ್ಲಾಗರ್ ಇವತ್ತು ಸಿಗುತ್ತಾನಾ? ಈಗಿನವರು ಬಾಯಿಗಿಡುವ ಮೊದಲೇ ಕಣ್ಣು ಮುಚ್ಚಿ 'ವಾವ್' ಅನ್ನುತ್ತಾರೆ.

ಅವನ ಹೆಸರು ಫಲಕದಲ್ಲಿಲ್ಲ. ಗೋಬಿ ಮಂಚೂರಿಯ ಫೋಟೋ ಇದೆ. ಕೆಂಪಗೆ, ಕುಂಕುಮದ ಹಾಗೆ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವೇ ನಿಷೇಧಿಸಿದ ಬಣ್ಣ.

ಈಗ ನಾಲ್ಕನೇ ನಿಲ್ದಾಣ. 'ಹಳೆಯ ಕಾಲದ ಬನ್ಸ್ ಮತ್ತು ಕಷಾಯದ ಹೋಟೆಲ್'. ಹುಡುಕಿಕೊಂಡು ಹೋದೆ. ಹೋಟೆಲ್ ಇಲ್ಲ. ಯಾವತ್ತೋ ಇತ್ತು, ನಾನೇ ಶಾಲೆಗೆ ಹೋಗುವಾಗ ಅಲ್ಲಿ ಬನ್ಸ್ ತಿಂದಿದ್ದೇನೆ. ರಸ್ತೆ ಅಗಲ ಮಾಡುವಾಗ ಹೋಯಿತು. ಈಗ ಆ ಜಾಗದಲ್ಲಿ ಅರ್ಧ ಕಟ್ಟಿದ ಗಟಾರ ಇದೆ, ಕಬ್ಬಿಣದ ಸರಳುಗಳು ಮೇಲಕ್ಕೆ ಎದ್ದು ನಿಂತಿವೆ. ಹೋಟೆಲನ್ನು ಒಡೆದರು. ಆಮೇಲೆ ಅದನ್ನೇ ಪರಂಪರೆ ಎಂದು ಫಲಕದಲ್ಲಿ ಬರೆದರು. ಎರಡಕ್ಕೂ ಬಿಲ್ ಆಗಿದೆ.

ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. "ಸರ್, ತೋರಿಸಲಿಕ್ಕೆ ಯಾರಾದರೂ ಇದ್ದಾರಾ?" ಅಂತ ಕೇಳಿದೆ. "ಇದು ಸೆಲ್ಫ್ ಗೈಡೆಡ್ ಅಲ್ವಾ ಸರ್" ಅಂದರು. ಸ್ವಲ್ಪ ಹೊತ್ತು ಯೋಚಿಸಿ, ಕನ್ನಡದಲ್ಲೂ ಹೇಳಿದರು. "ಅಂದರೆ ನಿಮ್ಮ ದಾರಿ ನೀವೇ ನೋಡಿಕೊಳ್ಳಬೇಕು."

ಇದನ್ನು ನಮಗೆ ಹೇಳಿಕೊಡಬೇಕಾ? ಉತ್ತರ ಕನ್ನಡದವರು ಇದರಲ್ಲಿ ಪಳಗಿದವರು. ಎದೆನೋವು ಬಂದರೆ ನಮ್ಮ ದಾರಿ ನಾವೇ ನೋಡಿಕೊಳ್ಳುತ್ತೇವೆ. ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. ಉತ್ತರಕ್ಕೆ ಗೋವಾ. ಘಟ್ಟದ ಮೇಲೆ ಹುಬ್ಬಳ್ಳಿ. ಪೂರ್ತಿಯಾಗದ ರಸ್ತೆಗೆ ಹೊಳೆಗದ್ದೆಯಲ್ಲಿ, ಹಟ್ಟಿಕೇರಿಯಲ್ಲಿ ಟೋಲ್ ಕಟ್ಟಿಕೊಂಡು ಹೋಗುತ್ತೇವೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರಿನ ಟೋಲ್ ಗೇಟಿನಲ್ಲಿ ಮಳೆಗೆ ಜಾರಿ ಬಡಿಯಿತು. ನಾಲ್ಕು ಜನ ಸತ್ತರು. ಆ ವಿಡಿಯೋ ದೇಶವೆಲ್ಲ ನೋಡಿತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಅದಕ್ಕೆ ಮೊದಲೂ ಕೇಳಿದ್ದೆವು, ಆಮೇಲೂ ಕೇಳಿದೆವು. ಭರವಸೆ ಸಿಕ್ಕಿತು. ಈಗ ಫಲಕ ಸಿಕ್ಕಿದೆ. ಇದರಲ್ಲಿ ತಮಾಷೆ ಮಾಡಲಿಕ್ಕೆ ನನಗೆ ಬರುವುದಿಲ್ಲ. ಸಾಕಾಗಿದೆ.

ವಾಪಸ್ ಬರುವಾಗ ಫಲಕದ ಹತ್ತಿರ ಬೆಂಗಳೂರಿನ ಇಬ್ಬರು ಹುಡುಗ ಹುಡುಗಿ ಫೋನ್ ಎತ್ತಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಒಣಮೀನು ಮಾರುವ ಅಕ್ಕ ಕೂತಿದ್ದರು. ಹುಡುಗಿ ಕೇಳಿದಳು, "ಆಂಟಿ, ಫಸ್ಟ್ ಸ್ಟಾಪ್ ಎಲ್ಲಿ?"

"ಸ್ಟಾಪು ಆ ಬದಿಗೆ ಅದೆ ತಂಗಿ. ಯಾವ ಬಸ್ಸಿಗೆ ಹೋಗ್ಬೇಕು?"

ಅವರ ಬುಟ್ಟಿಯಲ್ಲಿ ಬಂಗಡೆ ಇತ್ತು, ಸಿಗಡಿ ಇತ್ತು. ಇಡೀ ನಡಿಗೆಯಲ್ಲಿ ನನಗೆ ಸಿಕ್ಕ ಪಾರಂಪರಿಕ ಆಹಾರ ಅದೊಂದೇ. ಫಲಕದಲ್ಲಿ ಅದಕ್ಕೆ ನಂಬರ್ ಇಲ್ಲ. ಹುಡುಗಿ ಮೂಗು ಮುಚ್ಚಿಕೊಂಡಳು. ತಪ್ಪು ಅವಳದ್ದಲ್ಲ. ಒಣಮೀನಿನ ವಾಸನೆಗೆ ಮೂಗು ಒಗ್ಗಲು ಒಂದು ಮಳೆಗಾಲವಾದರೂ ಬೇಕು. ಇಬ್ಬರೂ ಗೋಬಿ ಮಂಚೂರಿಯ ಗಾಡಿಯ ಕಡೆ ಹೋದರು.

ಮೊನ್ನೆ ಮತ್ತೆ ಆ ದಾರಿಯಲ್ಲಿ ಹೋದೆ. ಅಕ್ಕ ಫಲಕದ ಎರಡು ಕಂಬಕ್ಕೂ ಹಗ್ಗ ಹಾಕಿ ತಾಡಪತ್ರಿ ಕಟ್ಟಿಕೊಂಡಿದ್ದಾರೆ. ಮಳೆ ಜೋರಿತ್ತು. ಬುಟ್ಟಿ ಒಳಗೆ, ಅವರು ಒಳಗೆ, ಬಸ್ಸು ಕಾಯುವ ನಾಲ್ಕು ಜನವೂ ಒಳಗೆ. ಕ್ಯೂಆರ್ ಕೋಡ್ ಕೂಡ ಒಳಗೇ ಇದೆ, ಒಂದು ಹನಿ ನೀರು ಬೀಳುತ್ತಿಲ್ಲ.