ಗೂಳಿಕಾಳಗ ನೋಡಿದ ಮೇಲೆ

ಸ್ಪೇನ್‌ನಲ್ಲಿ ಮನುಷ್ಯ ಗೂಳಿಯನ್ನು ಎದುರಿಸಿ ಕೊಲ್ಲುವ ಗೂಳಿಕಾಳಗದ ಪರ ಮಾತಾಡುವವರ ಬಳಿ ಒಂದು ಗಟ್ಟಿ ವಾದ ಇದೆ. ಈ ಗೂಳಿಗಳು ನಾಲ್ಕೈದು ವರ್ಷ ಓಕ್ ಮರಗಳಿರುವ ವಿಶಾಲ ಹುಲ್ಲುಗಾವಲಲ್ಲಿ ಆರಾಮಾಗಿ ಮೇಯುತ್ತವೆ. ಮಾಂಸಕ್ಕೆಂದು ಸಾಕುವ ಹೋರಿಗೆ ಅಷ್ಟು ಆಯಸ್ಸೂ ಇಲ್ಲ, ಆ ಬಯಲೂ ಇಲ್ಲ. ಯಾವುದು ಕ್ರೂರ, ನೀವೇ ಹೇಳಿ ಅನ್ನುತ್ತಾರೆ. ನಾನೂ ಮಾಂಸ ತಿನ್ನುವವನು. ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ನನಗಾಗಲ್ಲ.

ಮ್ಯಾಡ್ರಿಡ್‌ನ ಲಾಸ್ ವೆಂತಾಸ್ ಎಂಬ ಗೂಳಿಕಾಳಗದ ಅಖಾಡಕ್ಕೆ ಹೋದಾಗ ಗೂಳಿ ಸಾಯುತ್ತದೆ ಅಂತ ಗೊತ್ತೇ ಇತ್ತು. ತಡೆದುಕೊಳ್ಳಲಾಗದೇ ಹೋದದ್ದು ಆ ಸಾವಿಗೆ ಮಾಡುವ ತಯಾರಿಯನ್ನು. ಕಣ್ಣು ಕಟ್ಟಿದ ಕುದುರೆ ಏರಿ ಪಿಕಾಡೋರ್, ಅಂದರೆ ಈಟಿಗಾರ, ಬರುತ್ತಾನೆ. ಕುದುರೆಗೆ ದಪ್ಪ ಕವಚ ಇರುತ್ತದೆ. 1928ರಲ್ಲಿ ಅದನ್ನು ಕಡ್ಡಾಯ ಮಾಡುವ ಮುಂಚೆ ಕುದುರೆಗಳ ಕರುಳೇ ಹೊರಬರುತ್ತಿತ್ತಂತೆ. ಗೂಳಿ ನುಗ್ಗಿ ಕುದುರೆಯನ್ನು ತಳ್ಳುತ್ತಿರುವಾಗಲೇ ಮೇಲಿಂದ ಈಟಿ ಅದರ ಕತ್ತಿನ ದಪ್ಪ ಸ್ನಾಯುವಿಗೆ ಇಳಿಯುತ್ತದೆ. ಆ ಸ್ನಾಯು ಸೋತರೆ ತಲೆ ತಗ್ಗುತ್ತದೆ. ತಲೆ ತಗ್ಗಿದರೇನೇ ಮಟಡೋರ್, ಅಂದರೆ ಕೊನೆಗೆ ಗೂಳಿಯನ್ನು ಕೊಲ್ಲುವವನು, ಕೊಂಬುಗಳ ಮೇಲಿಂದ ಕೈ ಚಾಚಿ ಕತ್ತಿ ಇಳಿಸಬಹುದು. ಆಮೇಲೆ ಬಣ್ಣದ ಕಾಗದ ಸುತ್ತಿದ ಮುಳ್ಳುಕೋಲುಗಳನ್ನು ಜೋಡಿ ಜೋಡಿಯಾಗಿ ಚುಚ್ಚುತ್ತಾರೆ. ನಾನು ನೋಡಿದ ಮೊದಲ ಗೂಳಿಯ ರಕ್ತ ಮುಂಗಾಲಿನ ಗೊರಸಿನವರೆಗೂ ಹರಿದಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮಟಡೋರ್ ಕೈಯಲ್ಲಿನ ಬಟ್ಟೆ ಅಲ್ಲಾಡಿದಾಗೆಲ್ಲ ಮತ್ತೆ ನುಗ್ಗುತ್ತಿತ್ತು. ಮೊದಲ ಸಲ ಕತ್ತಿ ಮೂಳೆಗೆ ತಾಗಿ ಎಗರಿತು. ಮತ್ತೆ ಚುಚ್ಚಿದರು.

ಮಟಡೋರ್‌ಗಳ ಧೈರ್ಯವನ್ನು ನಾನು ಅಲ್ಲಗಳೆಯಲ್ಲ. 2016ರಲ್ಲಿ ಸ್ಪೇನ್‌ನ ತೆರುವೆಲ್‌ನಲ್ಲಿ ಮಟಡೋರ್ ವಿಕ್ತೋರ್ ಬಾರಿಯೋ ಕೊಂಬಿಗೆ ಸಿಕ್ಕಿ ಸತ್ತರು. ಆದರೆ ಅಂಥ ಸಾವು ಅಪರೂಪ. ಗೂಳಿಗಳು ಮಾತ್ರ ಸಾಮಾನ್ಯವಾಗಿ ಒಂದೇ ಸಂಜೆಗೆ ಆರು ಸಾಯುತ್ತವೆ. ಎಲ್ಲೋ ಒಂದಕ್ಕೆ ಪ್ರಾಣಭಿಕ್ಷೆ ಸಿಗುತ್ತದೆ.

ಹುಲ್ಲುಗಾವಲಿನ ಬದುಕು ಒಳ್ಳೆಯದು, ಒಪ್ಪಿದೆ. ಹಾಗೆ ಬದುಕಿದ ಪ್ರಾಣಿಯನ್ನು ಒಂದೇ ಏಟಿಗೆ ಕೊಲ್ಲಬಹುದಲ್ಲ? ಅದರ ಸಂಕಟವನ್ನು ಇಪ್ಪತ್ತು ನಿಮಿಷ ಎಳೆದು, ಟಿಕೆಟ್ ಇಟ್ಟು ತೋರಿಸುವುದಕ್ಕೆ ಆ ಹುಲ್ಲುಗಾವಲು ಹೇಗೆ ಸಮರ್ಥನೆ ಆಗುತ್ತದೆ?

ನಮ್ಮ ಕಂಬಳದ ಕಥೆ ಏನು ಅಂತ ಕೇಳ್ತೀರಿ, ಅಲ್ವಾ? ಕೇಳಲೇಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ಕೊಡುವ ಕಾನೂನನ್ನು ಎತ್ತಿಹಿಡಿಯಿತು. ಕಂಬಳದ ಕೋಣ ಓಡಿ ಮನೆಗೆ ಮರಳುತ್ತದೆ. ಅದು ದೊಡ್ಡ ವ್ಯತ್ಯಾಸ. ಆದರೂ ಕೋಣದ ಬೆನ್ನಿಗೆ ಬೀಳುವ ಏಟಿನ ಬಗ್ಗೆ ನಾವು ಸುಮ್ಮನಿರಬಾರದು.

ಕೊಲಂಬಿಯಾ 2024ರಲ್ಲಿ ಕಾನೂನು ಮಾಡಿ, 2027ರಿಂದ ಗೂಳಿಕಾಳಗ ನಿಲ್ಲಿಸಲು ತೀರ್ಮಾನಿಸಿದೆ. ಸ್ಪೇನ್‌ನಲ್ಲಿ ಕ್ಯಾಟಲೋನಿಯಾ ಪ್ರಾಂತ್ಯ 2010ರಲ್ಲೇ ನಿಷೇಧಿಸಿತ್ತು, 2016ರಲ್ಲಿ ಸ್ಪೇನ್‌ನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಾನೂನಿನ ಜಗಳ ಬೇಗ ಮುಗಿಯಲ್ಲ. ಸ್ಪೇನ್ ಪ್ರವಾಸಕ್ಕೆ ಹೊರಟಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ: ಒಂದು ಸಲ ನೋಡಿಬಿಡೋಣ ಅಂತ ದಯವಿಟ್ಟು ಟಿಕೆಟ್ ಕೊಳ್ಳಬೇಡಿ.