ಕುಂಬಳಕಾಯಿಗೆ ಕೋಪ ತರಿಸುವುದು

ಕುಂಬಳಕಾಯಿಯಷ್ಟು ಸಾಧು ತರಕಾರಿ ಇನ್ನೊಂದಿಲ್ಲ. ಹಾಗಲಕಾಯಿಗೆ ಮೈಯೆಲ್ಲ ಗಂಟು, ಹಸಿಮೆಣಸಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಸುವರ್ಣಗೆಡ್ಡೆ ಮುಟ್ಟಿದರೆ ಕೈಯೆಲ್ಲ ತುರಿಕೆ. ಇದು ಮಾತ್ರ ಹೊಟ್ಟೆ ಬಿಟ್ಟುಕೊಂಡು, ಕೂರಿಸಿದ ಕಡೆ ಕೂತಿರುತ್ತದೆ. ನಮ್ಮ ಗಾದೆಯಲ್ಲೂ ನೋಡಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳ. ಕಾಯಿ ಪಾಪ ತುಟಿಪಿಟಕ್ ಅನ್ನುವುದಿಲ್ಲ. ಇಂಥದ್ದರ ಹೊಟ್ಟೆ ಬಗೆದು, ಕಣ್ಣು ಬಾಯಿ ಕೊರೆದು, ಒಳಗೆ ದೀಪ ಇಟ್ಟು, ಬಂದವರನ್ನೆಲ್ಲ ಹೆದರಿಸು ಅಂತ ಬಾಗಿಲಲ್ಲಿ ಕೂರಿಸುತ್ತಾರೆ ಅಮೆರಿಕದಲ್ಲಿ. ಅಕ್ಟೋಬರ್ 31ರ ದೆವ್ವಭೂತಗಳ ಹಬ್ಬ ಹ್ಯಾಲೋವೀನ್‌ಗೆ.

ನಾವಿರುವ ಇಲಿನಾಯ್ ರಾಜ್ಯ ಈ ದೇಶದ ಕುಂಬಳಕಾಯಿ ಕಣಜ. ಇಲ್ಲಿನ ಮಾರ್ಟನ್ ಅನ್ನುವ ಊರು ಜಗತ್ತಿಗೇ ಕುಂಬಳಕಾಯಿ ರಾಜಧಾನಿ ನಾನೇ ಅಂತ ಹೇಳಿಕೊಳ್ಳುತ್ತದೆ. ಆದರೆ ಅಲ್ಲಿನ ಕಾಯಿ ಡಬ್ಬಿಗೆ ಹೋಗುವಂಥದ್ದು. ಸಿಪ್ಪೆ ಮಾಸಲು ಬಣ್ಣ, ತಿರುಳು ಸಿಹಿ. ನಮ್ಮೂರಿನ ಸಿಹಿಗುಂಬಳಕ್ಕೆ ಹತ್ತಿರದ ನೆಂಟ. ಹಬ್ಬಕ್ಕೆ ಕೊರೆಯುವ ಕೇಸರಿ ಬಣ್ಣದ ದಪ್ಪ ತೊಟ್ಟಿನ ಕಾಯಿ ಬೇರೆ ಜಾತಿ. ಅದರಲ್ಲಿ ಹೆಸರುವಾಸಿಯಾದದ್ದು ಮ್ಯಾಸಚೂಸೆಟ್ಸ್‌ನ ರೈತ ಜಾನ್ ಹೌಡನ್ ಬೆಳೆಸಿದ ಹೌಡನ್ ತಳಿ. ನೋಡೋಕೆ ಚೆಂದ, ಪಲ್ಯಕ್ಕೆ ದಂಡ. ಬರೀ ನಾರು, ಬರೀ ನೀರು. ಕೊರೆದು ಉಳಿದದ್ದರಲ್ಲಿ ಹುಳಿ ಮಾಡಿಬಿಡೋಣ ಅನ್ನುವ ನಮ್ಮ ಉಳಿತಾಯ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಬೀಜ ಮಾತ್ರ ಬಿಸಾಡಬೇಡಿ. ತೊಳೆದು, ಒಣಗಿಸಿ, ಕರಿಬೇವು, ಉಪ್ಪು, ಖಾರದಪುಡಿ ಹಾಕಿ ಹುರಿದರೆ ಮಳೆಯ ಸಂಜೆಗೆ ಸಾಕು.

ಹೆದರಿಸುವ ಕಾಯಿ ಬೇಕಾದರೆ ಕೆಲಸ ಶುರುವಾಗುವುದು ಆರಿಸುವಾಗಲೇ. ಹೊಲಕ್ಕೆ ಹೋದವರೆಲ್ಲ ದುಂಡಗೆ, ನುಣ್ಣಗೆ, ಮದುವೆಗೆ ಹೆಣ್ಣು ನೋಡುವ ಹಾಗೆ ಸುತ್ತ ತಿರುಗಿಸಿ ಆರಿಸುತ್ತಾರೆ. ಅದನ್ನು ಎಷ್ಟು ಕೊರೆದರೂ ಅದು ನಗುತ್ತಲೇ ಇರುತ್ತದೆ. ರಾಶಿಯ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿರುತ್ತದಲ್ಲ, ಒಂದು ಕಡೆ ಚಪ್ಪಟೆ, ಮೈಮೇಲೆ ನರೂಲಿ, ತೊಟ್ಟು ಸೊಟ್ಟ, ಅದನ್ನು ತನ್ನಿ. ಅದನ್ನು ಮಲಗಿಸಿಟ್ಟರೆ ಸೊಟ್ಟ ತೊಟ್ಟೇ ಮೂಗಾಗುತ್ತದೆ. ಅರ್ಧ ಮಾಟಗಾತಿ ಅಲ್ಲೇ ತಯಾರು.

ಮುಚ್ಚಳವನ್ನು ನೇರವಾಗಿ ಕತ್ತರಿಸಿದರೆ ಒಳಗೆ ಬೀಳುತ್ತದೆ, ಓರೆಯಾಗಿ ಕತ್ತರಿಸಬೇಕು. ಅಂಗಡಿಯಲ್ಲಿ ಇದಕ್ಕೆಂದೇ ಸಣ್ಣ ಗರಗಸ ಸಿಗುತ್ತದೆ, ಅಡುಗೆಮನೆಯ ದೊಡ್ಡ ಚಾಕುವಿಗಿಂತ ಅದೇ ವಾಸಿ, ಯಾಕೆಂದರೆ ಚಾಕು ಗಟ್ಟಿ ಸಿಪ್ಪೆಯಲ್ಲಿ ಸಿಕ್ಕಿಕೊಂಡು, ಜೋರಾಗಿ ಎಳೆದಾಗ ಕೈಗೇ ಬರುತ್ತದೆ. ನಾನು ಗರಗಸ ಹಿಡಿದಿರುವಾಗಲೇ ಶಿವಮೊಗ್ಗದಿಂದ ಅಮ್ಮನ ವಿಡಿಯೋ ಕಾಲ್ ಬರುವುದು ವರ್ಷಾವರ್ಷದ ಸಂಪ್ರದಾಯ. "ಇಡೀ ಕಾಯಿಗೆ ನೀನ್ಯಾಕೆ ಕೈ ಹಾಕಿದೆ ಕಣೇ, ಮೊದಲ ಏಟು ಅವರ ಕೈಲಿ ಹಾಕಿಸು!" ಹೆಂಗಸರು ಇಡೀ ಕುಂಬಳಕಾಯಿ ಒಡೆಯಬಾರದು ಅಂತ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಉಂಟು. ನನ್ನ ಗಂಡ ಬಂದು ಶಾಸ್ತ್ರಕ್ಕೆ ಒಂದು ಗೀರು ಹಾಕಿ, ಫೋನಿಗೆ ಕೈಬೀಸಿ, ಮ್ಯಾಚ್ ನೋಡೋಕೆ ವಾಪಸ್. ತಣ್ಣಗೆ ಲೋಳೆ ಲೋಳೆಯಾದ ನಾರಿನೊಳಗೆ ಮೊಣಕೈವರೆಗೆ ಕೈ ಬಿಟ್ಟು ಬಳಿಯುವುದಕ್ಕೆ ಶಾಸ್ತ್ರದಲ್ಲಿ ಯಾರನ್ನೂ ಹೇಳಿಲ್ಲ, ಅದು ನನ್ನದೇ. ಮುಖ ಕೊರೆಯುವ ಕಡೆಯ ಗೋಡೆಯನ್ನು ಸುಮಾರು ಒಂದು ಇಂಚು ಉಳಿಯುವ ತನಕ ಕೆರೆಯಬೇಕು. ಬೇಜಾರಾಗಿ ಎಲ್ಲರೂ ಬಿಡುವುದು ಇಲ್ಲೇ. ಗೋಡೆ ದಪ್ಪ ಇದ್ದರೆ ಬೆಳಕು ಮಂಕು, ಹಲ್ಲು ಕೊರೆಯಲು ಹೋದರೆ ಗರಗಸ ತಿರುಗುವುದಿಲ್ಲ.

ಇನ್ನು ಮುಖ. ಎರಡು ತ್ರಿಕೋನದ ಕಣ್ಣು, ಒಂದು ತ್ರಿಕೋನದ ಮೂಗು, ಮೇಲೆ ಬಾಗಿದ ಅಗಲ ಬಾಯಿ, ನಾಲ್ಕು ಚೌಕ ಹಲ್ಲು. ಊರಿಗೆ ಊರೇ ಇದನ್ನೇ ಕೊರೆಯುತ್ತದೆ. ಅದು ಹೆದರಿಸುವುದಿಲ್ಲ, ಊಟ ಆಯ್ತಾ ಅಂತ ಕೇಳುತ್ತದೆ. ಬಾಯಿಯನ್ನು ಕೆಳಗೆ ಬಾಗಿಸಿದರೆ ಅಳುಮುಂಜಿ ಆಗುತ್ತದೆ, ಅದೂ ಪ್ರಯೋಜನವಿಲ್ಲ. ಸಿಟ್ಟು ಇರುವುದು ಬಾಯಲ್ಲಿ ಅಲ್ಲ, ಹುಬ್ಬಿನಲ್ಲಿ. ಕಣ್ಣಿನ ಮೇಲಂಚು ಮೂಗಿನ ಕಡೆಗೆ ಇಳಿದು ಬರಬೇಕು. ಕಣ್ಣು ಸಣ್ಣದಿರಬೇಕು, ಒಂದಕ್ಕೊಂದು ಹತ್ತಿರ ಇರಬೇಕು, ಒಂದು ಚೂರು ಮೇಲೆ ಕೆಳಗೆ ಆದರೆ ಇನ್ನೂ ಒಳ್ಳೆಯದು. ಹಲ್ಲು ಜಾಸ್ತಿ, ಸಪೂರ, ಒಂದರ ಹಾಗೆ ಒಂದಿಲ್ಲದ್ದು. ಯಕ್ಷಗಾನದ ಬಣ್ಣದ ವೇಷದವರಿಗೆ ಇದೆಲ್ಲ ಗೊತ್ತು. ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಮುಖವನ್ನೇ ಬೇರೆ ಮಾಡಿಕೊಳ್ಳುತ್ತಾರಲ್ಲ, ಅವರ ಕೈಗೆ ಒಂದು ಹೌಡನ್ ಕೊಟ್ಟು ನೋಡಬೇಕು ಅಂತ ನನಗೆ ಬಹಳ ಆಸೆ.

ಹೊಸ ಹೊಸ ಐಡಿಯಾಗಳಿಗೇನೂ ಬರವಿಲ್ಲ. ಬಾಯಿಂದ ನಾರು, ಬೀಜ ಎಲ್ಲ ಹೊರಗೆ ಸುರಿದು ವಾಂತಿ ಮಾಡಿಕೊಳ್ಳುವ ಕಾಯಿ ಮಕ್ಕಳಿಗೆ ಪಂಚಪ್ರಾಣ, ನನಗೆ ಸಾಕೋ ಸಾಕು. ದೊಡ್ಡ ಕಾಯಿಯ ಬಾಯಿಗೆ ಚಿಕ್ಕ ಕಾಯಿ ತುರುಕಿ, ಆ ಚಿಕ್ಕದಕ್ಕೆ ಗಾಬರಿಯ ಕಣ್ಣು ಕೊರೆಯುವುದು ಮಾತ್ರ ನಿಜಕ್ಕೂ ಚೆನ್ನಾಗಿದೆ. ಪೂರ್ತಿ ತೂತು ಮಾಡದೆ ಮೇಲಿನ ಸಿಪ್ಪೆ ಮಾತ್ರ ಕೆರೆದರೆ ಬೆಳಕು ಮಬ್ಬಾಗಿ ಸೋಸಿ ಬಂದು ಕೆನ್ನೆಯ ಸುಕ್ಕು ಕಾಣಿಸುತ್ತದೆ. ರೇ ವಿಲಫೇನ್ ಅನ್ನುವ ಕಲಾವಿದರು ಇನ್ನೂ ಮುಂದೆ ಹೋಗಿ, ದಪ್ಪ ಗೋಡೆಯ ಕಾಯಿಯನ್ನು ಜೇಡಿಮಣ್ಣಿನಂತೆ ಕೆತ್ತಿ ಮೂಗು, ತುಟಿ, ನೆರಿಗೆ ಎಲ್ಲ ತರುತ್ತಾರೆ. ನಮ್ಮಂಥವರಿಗೆ ಅದು ನೋಡಿ ಹೊಟ್ಟೆ ಉರಿದುಕೊಳ್ಳಲು ಮಾತ್ರ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಎಲ್ಲಕ್ಕಿಂತ ಸುಲಭದ್ದು. ಎರಡೇ ತೂತು, ಸಣ್ಣವು. ಮೂಗಿಲ್ಲ, ಬಾಯಿಲ್ಲ. ಅದನ್ನು ಮೆಟ್ಟಿಲ ಮೇಲೆ ಇಡಬೇಡಿ, ಪಕ್ಕದ ಪೊದೆಯೊಳಗೆ ನೆಲಕ್ಕೆ ಇಡಿ. ಹಬ್ಬದ ಸಂಜೆ ಮನೆಮನೆಗೆ ಚಾಕಲೇಟ್ ಕೇಳಲು ಬಂದ ಮಕ್ಕಳು ಬಾಗಿಲಲ್ಲಿ ಹಲ್ಲು ಕಿರಿಯುವ ಕಾಯಿಗೆ ಹಾಯ್ ಹೇಳಿ ಬರುತ್ತಾರೆ. ಹಿಂತಿರುಗಿ ಹೋಗುವಾಗ ಪೊದೆ ಕಡೆ ಕಣ್ಣು ಹೋದರೆ ಮಾತ್ರ ನಡಿಗೆ ಸ್ವಲ್ಪ ಜೋರಾಗುತ್ತದೆ.

ಮೊದಲು ಈ ಕೆಲಸ ಕುಂಬಳಕಾಯಿಯದ್ದೇ ಅಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದರು. ಸೈತಾನನಿಗೇ ಟೋಪಿ ಹಾಕಿದ ಜಾಕ್ ಅನ್ನುವ ಜಿಪುಣ ಸತ್ತ ಮೇಲೆ ಸ್ವರ್ಗಕ್ಕೂ ಬೇಡ, ನರಕಕ್ಕೂ ಬೇಡ ಆಗಿ, ಟರ್ನಿಪ್ಪಿನೊಳಗೆ ಕೆಂಡ ಇಟ್ಟುಕೊಂಡು ಕತ್ತಲಲ್ಲಿ ಅಲೆಯುತ್ತಾನೆ ಅಂತ ಅವರ ಕತೆ. ಐರ್ಲೆಂಡಿನ ಮೇಯೋ ಕೌಂಟಿಯ ಗ್ರಾಮೀಣ ಬದುಕಿನ ಮ್ಯೂಸಿಯಂನಲ್ಲಿ ಡೊನೆಗಲ್ ಕಡೆಯ ಅಂಥದ್ದೊಂದು ಹಳೇ ಗೆಡ್ಡೆದೀಪದ ಪಡಿಯಚ್ಚು ಇದೆ. ಫೋಟೋ ಹುಡುಕಿ ನೋಡಿ, ಆದರೆ ಮಲಗುವ ಮುಂಚೆ ಬೇಡ. ಗುಳಿಬಿದ್ದ ಕಣ್ಣು, ಸುಕ್ಕುಸುಕ್ಕು ಮುಖ, ಯಾರದೋ ಒಣಗಿದ ತಲೆಯೇ ಅನ್ನಿಸುತ್ತದೆ. ಅಲ್ಲಿಂದ ಅಮೆರಿಕಕ್ಕೆ ವಲಸೆ ಬಂದವರಿಗೆ ಕೈತುಂಬ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಒಳಗೆ ಟೊಳ್ಳು, ಕೊರೆಯೋಕೆ ಸಲೀಸು. ಕೈನೋವು ಹೋಯಿತು, ಜೊತೆಗೆ ಹೆದರಿಕೆಯೂ ಹೋಯಿತು. 2013ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕೀನ್ ಊರಿನಲ್ಲಿ 30,581 ಕಾಯಿಗಳಿಗೆ ಒಟ್ಟಿಗೆ ದೀಪ ಹಚ್ಚಿ ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ಮುಖ ಒಂದೇ ಕಡೆ ಸೇರಿದರೆ ಅದು ಜಾತ್ರೆ, ಭಯ ಎಲ್ಲಿಂದ ಬರಬೇಕು.

ಕೊರೆದ ಕಾಯಿಗೆ ಆಯಸ್ಸು ಕಮ್ಮಿ. ಬ್ಲೀಚ್ ಬೆರೆಸಿದ ನೀರಲ್ಲಿ ಅದ್ದಿ, ಕತ್ತರಿಸಿದ ಅಂಚಿಗೆ ವ್ಯಾಸಲೀನ್ ಸವರಿದರೂ ವಾರದೊಳಗೆ ಒಳಗೆಲ್ಲ ಬೂಷ್ಟು. ಅದಕ್ಕಿಂತ ಮುಂಚೆ ಅಳಿಲು ಬಂದು ಮೂಗು ತಿಂದಿರುತ್ತದೆ. ಬೆಂಗಳೂರಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ದಪ್ಪ ಮೀಸೆ, ಚಾಚಿದ ಕೆಂಪು ನಾಲಿಗೆ ಬರೆಸಿಕೊಂಡು ತೂಗುವ ಬೂದುಗುಂಬಳ ಇದೆಯಲ್ಲ, ಅದಕ್ಕೆ ಈ ರಗಳೆ ಇಲ್ಲ. ತೂತು ಮಾಡಿಲ್ಲವಾದ್ದರಿಂದ ತಿಂಗಳುಗಟ್ಟಲೆ ದೃಷ್ಟಿ ಕಾಯುತ್ತದೆ. ಕೊರೆಯಲು ಬೇಜಾರಾದವರು ಇಲ್ಲಿಯೂ ಸುಮ್ನೆ ಬಣ್ಣ ಬಳಿಯಬಹುದು. ಅಳಿಲೂ ಅಷ್ಟು ಬೇಗ ಹತ್ತಿರ ಬರುವುದಿಲ್ಲ.

ಹಬ್ಬ ಮುಗಿದ ಮೇಲೆ ಇಲಿನಾಯ್‌ನ ಹಲವು ಊರುಗಳಲ್ಲಿ ನವೆಂಬರ್ ಮೊದಲಲ್ಲಿ ಕುಂಬಳಕಾಯಿ ಒಡೆಯುವ ದಿನ ಅಂತಲೇ ಇಡುತ್ತಾರೆ. ಕಸದ ಗುಂಡಿಗೆ ಹೋಗುವ ಬದಲು ಗೊಬ್ಬರವಾಗಲಿ ಅಂತ. ದೃಷ್ಟಿ ಇಲ್ಲ, ಕುಂಕುಮ ಇಲ್ಲ, ಆದರೂ ಆಯುಧಪೂಜೆಯ ದಿನ ಲಾರಿ ಮುಂದೆ ಒಡೆಯುವವನ ಉತ್ಸಾಹವೇ. ಮಕ್ಕಳು ಎರಡೂ ಕೈಲಿ ಎತ್ತಿ ಬೀಸಿ ಎಸೆಯುತ್ತಾರೆ, ಅಪ್ಪಂದಿರು ಮಕ್ಕಳ ನೆಪದಲ್ಲಿ ಎಸೆಯುತ್ತಾರೆ. ಹೋಗುವ ಮುಂಚೆ ಒಳಗಿನ ಮೇಣದಬತ್ತಿ, ತಂತಿ, ಅಂಟಿಸಿದ ಪ್ಲಾಸ್ಟಿಕ್ ಕಣ್ಣು ಎಲ್ಲ ತೆಗೆದಿಟ್ಟುಕೊಳ್ಳಿ, ಗೊಬ್ಬರಕ್ಕೆ ಅವನ್ನು ಹಾಕುವ ಹಾಗಿಲ್ಲ. ಹಳೇ ಶೂ ಹಾಕಿಕೊಂಡೇ ಹೋಗಿ.