ತಾಮ್ರದ ಜೊತೆ ಅಲ್ಯೂಮಿನಿಯಂ ಬೇಡವೇ ಬೇಡ

ಕಂಪ್ಯೂಟರನ್ನು ನೀರಿನಿಂದ ತಂಪು ಮಾಡುವ ಬಗ್ಗೆ ನಿಮ್ಮ ಬರಹದಲ್ಲಿ, ಡಿಸ್ಟಿಲ್ಡ್ ವಾಟರ್ ತುಂಬಿದರೆ ಯಾವ ರೇಡಿಯೇಟರ್ (ಬಿಸಿಯಾದ ನೀರನ್ನು ಆರಿಸುವ ಭಾಗ) ಆದರೂ ನಡೆಯುತ್ತದೆ ಎಂದು ಬರೆದಿದ್ದೀರಿ. ಇದನ್ನು ಒಪ್ಪೋಕಾಗಲ್ಲ. ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಬ್ಲಾಕ್ ತಾಮ್ರದ್ದು, ರೇಡಿಯೇಟರ್ ಅಲ್ಯೂಮಿನಿಯಂದು ಆದರೆ ನೀರಿನೊಳಗೆ ಎರಡೂ ಸೇರಿ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತವೆ. ಸವೆಯುವುದು ಅಲ್ಯೂಮಿನಿಯಂ. ನೀರು ಶುರುವಿನಲ್ಲಿ ಶುದ್ಧವೇ, ಆದರೆ ಈ ಪೈಪುಗಳ ಲೂಪ್‌ನಲ್ಲಿ ಸುತ್ತುತ್ತಾ ಹಾಗೇ ಉಳಿಯಲ್ಲ ಅಲ್ವಾ? ದುಡ್ಡು ಉಳಿಯುತ್ತೆ ಅಂತ ನಾನೂ ಹೀಗೇ ಮಾಡಿದ್ದೆ. ಎಂಟು ತಿಂಗಳಿಗೆ ಟೆಂಪರೇಚರ್ ಏರತೊಡಗಿತು. ಬ್ಲಾಕ್ ಬಿಚ್ಚಿದರೆ ಆ ಸಣ್ಣ ಸಣ್ಣ ಸಂದುಗಳ ತುಂಬ ಬಿಳಿ ಲೋಳೆ! ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ತೆಗೆದೆ. ದಯವಿಟ್ಟು ಸ್ವಲ್ಪ ಜಾಸ್ತಿ ಕೊಟ್ಟು ತಾಮ್ರ, ಹಿತ್ತಾಳೆಯ ರೇಡಿಯೇಟರನ್ನೇ ತನ್ನಿ. ಮದರ್‌ಬೋರ್ಡ್‌ಗೆ ಕರೆಂಟ್ ಕೊಡದೆ ಪಂಪ್ ಒಂದನ್ನೇ 24 ಗಂಟೆ ಓಡಿಸಿ, ಜಾಯಿಂಟ್‌ಗಳ ಕೆಳಗೆ ಟಿಶ್ಯೂ ಇಟ್ಟು ನೀರು ಸೋರುತ್ತಾ ನೋಡಿ ಎಂದು ನೀವು ಹೇಳಿರುವುದು ಮಾತ್ರ ನೂರಕ್ಕೆ ನೂರು ಸರಿ.